ಫೈನಲ್, ಫೈನಲ್2... ಯಾವುದು ನಿಜವಾದ ಫೈಲ್?

ಬೀದರ್‌ಹುಡುಗ: ಬೀದರ್‌ನ ನೌಬಾದ್ ಕರೇಜ್ (ಸಾಲು ಬಾವಿಗಳಿರುವ, ನೆಲದಡಿಯ ಹಳೇ ನೀರಿನ ಸುರಂಗ) ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ಬಾವಿಗಳ ನೀರಿನ ಮಟ್ಟ, ಫೋಟೋ, ಊರ ಹಿರಿಯರ ಮಾತಿನ ರೆಕಾರ್ಡಿಂಗ್, ಎಲ್ಲಾ ಒಂದೇ ಫೋಲ್ಡರ್‌ನಲ್ಲಿ ಬಿದ್ದಿವೆ. 'ಫೈನಲ್', 'ಫೈನಲ್2', 'ನಿಜವಾದ ಫೈನಲ್' ಅಂತ ಮೂರು ಎಕ್ಸೆಲ್ ಶೀಟ್, ಮೇ ತಿಂಗಳ ಲೆಕ್ಕ ಯಾವುದರಲ್ಲಿ ತಿದ್ದಿದ್ದೆ ಅಂತ ನನಗೇ ಗೊತ್ತಿಲ್ಲ. ಏನು ಮಾಡಲಿ?

ಹಳೇಲ್ಯಾಪ್‌ಟಾಪ್: ಮೊದಲು ಮೂಲ ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ಹಾಕಿ ರೀಡ್ ಓನ್ಲಿ ಮಾಡಿಬಿಡಿ. ತಿದ್ದೋದೆಲ್ಲ ಕಾಪಿಯಲ್ಲೇ. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ, ಬಾವಿ ನಂಬರ್: 2025-05-14_ಬಾವಿ07. ಆಗ ತಾವಾಗೇ ಸಾಲಾಗಿ ನಿಲ್ಲುತ್ತವೆ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಕೆಲವು ಸಾಫ್ಟ್‌ವೇರ್ ಕನ್ನಡ ಹೆಸರು ಕಂಡರೆ ಮುನಿಸಿಕೊಳ್ಳುತ್ತವೆ.

ತೊಗರಿಸರ್ವೆ: ಬ್ಯಾಕಪ್ ಇದೆಯಾ? ಕಲಬುರಗಿ ಬಸ್ಸಿನಲ್ಲಿ ಪೆನ್‌ಡ್ರೈವ್ ಕಳೆದುಕೊಂಡು ಎರಡು ತಿಂಗಳ ಸರ್ವೆ ನೀರುಪಾಲು ಮಾಡಿಕೊಂಡವಳು ನಾನು. ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಸುಮ್ನೆ ಸಿಂಕ್ (ಎರಡು ಕಡೆಯ ಫೈಲ್ ತಾನಾಗೇ ಒಂದೇ ಥರ ಇಡೋದು) ನಂಬಬೇಡಿ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತೆ.

ಹಳೇಲ್ಯಾಪ್‌ಟಾಪ್: ಹೌದು. ಇನ್ನೊಂದು, ಫೋಲ್ಡರ್‌ನಲ್ಲೇ ಒಂದು ಟೆಕ್ಸ್ಟ್ ಫೈಲ್ ಇಟ್ಟು ಯಾವ ಕಾಲಂ ಏನು ಅಂತ ಬರೆದಿಡಿ. ನೀರಿನ ಮಟ್ಟ ನೆಲದಿಂದ ಅಳೆದಿದ್ದೋ, ಬಾವಿ ಕಟ್ಟೆಯಿಂದಲೋ?

ಬೀದರ್‌ಹುಡುಗ: ಅಯ್ಯೋ. ಎರಡೂ ಇವೆ.