ಹಾರ್ಡ್ ಡಿಸ್ಕ್ ಟಕ್ ಟಕ್ ಅಂತಿದೆ, ಅಜ್ಜಿಯ ಹಾಡೆಲ್ಲ ಅದರೊಳಗೇ ಇದೆ

ಮಲೆನಾಡ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. 2013ರಲ್ಲಿ ತಗೊಂಡ ಲ್ಯಾಪ್‌ಟಾಪ್, 500 ಜಿಬಿ ಹಾರ್ಡ್ ಡಿಸ್ಕ್. ಹೋದ ವಾರದಿಂದ ಆನ್ ಆಗಲು ಇಪ್ಪತ್ತು ನಿಮಿಷ ತಗೊಳ್ಳುತ್ತಿತ್ತು. ನಿನ್ನೆ ಎಡಗೈ ಊರುವ ಜಾಗದ ಕೆಳಗಿಂದ ಟಕ್ ಟಕ್ ಅಂತ ಸದ್ದು ಬಂತು. ಆಮೇಲೆ ಕಪ್ಪು ಪರದೆ, ‘ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್’. ಆರೇಳು ಸಲ ಆಫ್ ಮಾಡಿ ಆನ್ ಮಾಡಿದೆ. ಒಂದು ಸಲ ಬಂತು, ಮತ್ತೆ ಹೋಯಿತು.

ಪ್ರಶ್ನೆಪತ್ರಿಕೆ, ಟಿಪ್ಪಣಿ ಹೋದರೆ ಮತ್ತೆ ಬರೆಯಬಹುದು. ಆದರೆ ಅಜ್ಜಿ ಹೇಳಿಕೊಟ್ಟ ಹಸೆ ಹಾಡುಗಳನ್ನು ಮೂರು ಬೇಸಿಗೆ ರಜೆ ಕೂತು ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ್ದೆ. ಅಜ್ಜಿ ಈಗಿಲ್ಲ. ಬೇರೆ ಕಡೆ ಕಾಪಿಯೂ ಇಲ್ಲ.

ಅಂಗಡಿಯವರು "ಡೇಟಾ ಹೋಯ್ತು ಅಂದ್ಕೊಳ್ಳಿ" ಅಂದರು. ಶಾಲೆಯಲ್ಲಿ ಒಬ್ಬರು ವಿಂಡೋಸ್ನಲ್ಲೇ ಇರುವ ಡಿಸ್ಕ್ ದುರಸ್ತಿ ಪ್ರೋಗ್ರಾಮ್ ಚೆಕ್ ಡಿಸ್ಕ್ ಓಡಿಸಿ ಅಂತಾರೆ, ಇನ್ನೊಬ್ಬರು ಫ್ರಿಜ್‌ನಲ್ಲಿಡಿ ಅಂತಾರೆ. ಹಳೇ ಡಿಸ್ಕ್ ಬದಲಿಗೆ ಹಾಕಲು, ಒಳಗೆ ತಿರುಗುವ ಭಾಗವಿಲ್ಲದ ಹೊಸ ಬಗೆಯ 240 ಜಿಬಿ ಎಸ್ಎಸ್‌ಡಿ ತಂದಿಟ್ಟಿದ್ದೇನೆ. ಹಳೇದನ್ನು ಇದಕ್ಕೇ ಕಾಪಿ ಮಾಡಬಹುದಾ? ಬಿಚ್ಚಿ ಹಾಕೋದು ನನ್ನಿಂದ ಆಗುತ್ತಾ?

ಹಾಸನದ ರಿಪೇರಿ:
ಮೇಡಂ, ದಯವಿಟ್ಟು ಇನ್ನೊಂದು ಸಲ ಸುಮ್ನೆ ಆನ್ ಮಾಡಿ ನೋಡಬೇಡಿ. ಕೆಟ್ಟಿರುವ ಡಿಸ್ಕಿಗೆ ಪ್ರತಿ ಸಲ ಆನ್ ಮಾಡೋದೂ ಒಂದು ಪೆಟ್ಟು. ಫ್ರಿಜ್ ಬೇಡವೇ ಬೇಡ, ಒಳಗೆ ತೇವ ಕೂರುತ್ತದೆ. ಚೆಕ್ ಡಿಸ್ಕ್ ಕೂಡ ಬೇಡ. ಅದು ಡಿಸ್ಕ್ ಮೇಲೆ ಬರೆಯುತ್ತದೆ. ನಮಗೆ ಈಗ ಬೇಕಾಗಿರೋದು ಓದೋದು ಮಾತ್ರ.

500ರ ಡಿಸ್ಕ್ ಪೂರ್ತಿಯಾಗಿ 240ರೊಳಗೆ ಹಿಡಿಯುವುದಿಲ್ಲ. ಒಂದು 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಯಾರ ಹತ್ತಿರವಾದರೂ ಕೇಳಿ ತನ್ನಿ. ಅದು ಫ್ಯಾಟ್32 ಅನ್ನೋ ಹಳೇ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಹಳೇ ಡಿಸ್ಕ್ ಇದ್ದಲ್ಲೇ ಇರಲಿ. ಲಿನಕ್ಸ್ ಮಿಂಟ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಎಬ್ಬಿಸಿ, ಡಿಡಿರೆಸ್ಕ್ಯೂ ಅನ್ನೋ ಉಚಿತ ಪ್ರೋಗ್ರಾಮ್‌ನಿಂದ ಇಡೀ ಡಿಸ್ಕನ್ನು ಒಂದು ಇಮೇಜ್ ಫೈಲ್, ಅಂದರೆ ಡಿಸ್ಕಿನ ಪೂರ್ತಿ ನಕಲು, ಮಾಡಿಕೊಳ್ಳಬೇಕು. ಅದು ಮೊದಲು ಸಲೀಸಾಗಿ ಸಿಗುವುದನ್ನೆಲ್ಲ ಎತ್ತಿಕೊಳ್ಳುತ್ತದೆ, ಕೆಟ್ಟ ಜಾಗಕ್ಕೆ ಆಮೇಲೆ ವಾಪಸ್ ಬರುತ್ತದೆ. ಎಲ್ಲಿವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ಕರೆಂಟ್ ಹೋದರೂ ನಿಂತಲ್ಲಿಂದಲೇ ಮುಂದುವರಿಸಬಹುದು. ಎಲ್ಲಿಂದ ಎಲ್ಲಿಗೆ ಅನ್ನೋದನ್ನು ಮಾತ್ರ ಎರಡೆರಡು ಸಲ ನೋಡಿ. ತಿರುಗುಮುರುಗಾದರೆ ಇದ್ದದ್ದೂ ಅಳಿಸಿಹೋಗುತ್ತದೆ.

ಬಯೋಸ್‌ನಲ್ಲಿ (ಆನ್ ಮಾಡಿದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್ ಪರದೆ) ಡಿಸ್ಕಿನ ಹೆಸರೇ ಕಾಣದೆ ಒಂದೇ ಸಮ ಟಕ್ ಟಕ್ ಅಂದರೆ ಅಲ್ಲಿಗೇ ನಿಲ್ಲಿಸಿ. ಅದು ಡೇಟಾ ರಿಕವರಿ ಲ್ಯಾಬಿನ ಕೆಲಸ. ಡಿಸ್ಕಿನ ಮುಚ್ಚಳ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ತೆಗೆಸಬೇಡಿ.

ಎಸ್ಎಸ್‌ಡಿ ಹಾಕೋದು ಖಂಡಿತ ನಿಮ್ಮಿಂದ ಆಗುತ್ತದೆ. ಚಾರ್ಜರ್, ಬ್ಯಾಟರಿ ಎರಡೂ ತೆಗೆದು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿಡಿ. ಒಂದು ಹಾಳೆಯಲ್ಲಿ ಲ್ಯಾಪ್‌ಟಾಪ್‌ನ ತಳ ಬರೆದುಕೊಂಡು, ತೆಗೆದ ಸ್ಕ್ರೂ ಆಯಾ ಜಾಗದಲ್ಲೇ ಟೇಪ್‌ನಿಂದ ಅಂಟಿಸಿ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಒಳಗಿನ ಬೋರ್ಡಿಗೆ ತಾಗುತ್ತದೆ. ಡಿಸ್ಕನ್ನು ಮೇಲಕ್ಕೆ ಎತ್ತಬೇಡಿ, ಮೊದಲು ಕನೆಕ್ಟರ್‌ನಿಂದ ಪಕ್ಕಕ್ಕೆ ಜಾರಿಸಿ. ಹಳೇದು ಸಾಮಾನ್ಯವಾಗಿ 9.5 ಮಿ.ಮೀ. ದಪ್ಪ, ಎಸ್ಎಸ್‌ಡಿ 7. ಹಳೇ ಡಿಸ್ಕಿನ ಬ್ರಾಕೆಟ್ ಇದಕ್ಕೆ ಹಾಕಿ. ಆಮೇಲೂ ಅಲ್ಲಾಡಿದರೆ, ಕೆಲವು ಎಸ್ಎಸ್‌ಡಿ ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಚೌಕಟ್ಟು ಅಂಟಿಸಿ.

ಬಳ್ಳಾರಿ ಹುಡುಗ:
ಅಕ್ಕಾ, ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. 2013ರ ಲ್ಯಾಪ್‌ಟಾಪ್ ವಿಂಡೋಸ್ 11 ಹಾಕಬಹುದಾದವುಗಳ ಪಟ್ಟಿಯಲ್ಲಿಲ್ಲ. ಹೆಂಗೂ ಪೆನ್‌ಡ್ರೈವ್‌ನಲ್ಲಿ ಮಿಂಟ್ ನೋಡ್ತೀರಲ್ಲ, ಹಿಡಿಸಿದರೆ ಎಸ್ಎಸ್‌ಡಿಗೂ ಅದನ್ನೇ ಹಾಕಿ.

ಮಲೆನಾಡ ಟೀಚರ್:
ಹನ್ನೆರಡು ದಿನ ಆಯಿತು, ಏನಾಯಿತು ಅಂತ ಹೇಳಲೇಬೇಕು. ಬಯೋಸ್‌ನಲ್ಲಿ ಹೆಸರು ಕಂಡಿತು. ತಂಗಿಯ ಮಗ ಪಕ್ಕದಲ್ಲಿ ಕೂತು ಡಿಡಿರೆಸ್ಕ್ಯೂ ಶುರು ಮಾಡಿಕೊಟ್ಟ. ಮೊದಲ ದಿನ ಚೆನ್ನಾಗಿ ಓಡಿತು, ಆಮೇಲೆ ಆಮೆ ನಡಿಗೆ. ಎರಡು ಸಲ ಕರೆಂಟ್ ಹೋಯಿತು, ಎರಡೂ ಸಲ ನಿಂತಲ್ಲಿಂದಲೇ ಮುಂದುವರಿಯಿತು. ನಾಲ್ಕನೇ ದಿನ ಮುಗಿಯಿತು. ಶಾಲಾ ವಾರ್ಷಿಕೋತ್ಸವದ ಫೋಟೋ ಕೆಲವು ಅರ್ಧಕ್ಕೇ ಬೂದು ಬಣ್ಣ, ಅವು ಹೋದವು.

ಹಾಡಿನ ಫೈಲ್ ತೆರೆದರೆ ಒಂದಕ್ಷರ ಕನ್ನಡ ಇಲ್ಲ! ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಚುಕ್ಕೆ ಗೀಟು. ಕೈ ನಡುಗಿತು. ಫೈಲ್ ಹಾಳಾಗಿರಲಿಲ್ಲ, ಹೊಸ ಸಿಸ್ಟಮ್‌ನಲ್ಲಿ ನುಡಿ ಫಾಂಟ್ ಇರಲಿಲ್ಲ ಅಷ್ಟೇ. ಹಳೇ ಇಮೇಜ್‌ನಿಂದಲೇ ಫಾಂಟ್ ತೆಗೆದು ಹಾಕಿದ ಮೇಲೆ ಎಲ್ಲ ಬಂತು.

ಈಗ ಒಂದೊಂದೇ ಹಾಡನ್ನು, ನುಡಿ ಫಾಂಟ್ ಇಲ್ಲದೆಯೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸುತ್ತಿದ್ದೇನೆ. ಒತ್ತಕ್ಷರ ಕೆಲವು ಕಡೆ ತಪ್ಪುತ್ತದೆ, ಅದಕ್ಕೆ ಪ್ರತಿ ಸಾಲನ್ನೂ ಗಟ್ಟಿಯಾಗಿ ಹೇಳಿಕೊಂಡು ನೋಡುತ್ತೇನೆ. ನಲವತ್ತರಲ್ಲಿ ಹದಿನೇಳು ಮುಗಿದಿವೆ. ಪೆನ್‌ಡ್ರೈವ್‌ನಲ್ಲಿ ಒಂದು ಕಾಪಿ ತಂಗಿ ಮನೆಗೆ ಹೋಗಿದೆ. ಹಾಸನದ ಸರ್, ನಿಮಗೆ ತುಂಬಾ ತುಂಬಾ ಥ್ಯಾಂಕ್ಸ್.