ಮಳೆಗಾಲದಲ್ಲಿ ಬಾಯಿ ಬಿಡದ ಕಿಸೆ ಚಾಕು: ಹಿಡಿ ಬದಲಿಸಲೋ, ಇದನ್ನೇ ಸರಿಮಾಡಲೋ?

ಸುತಳಿ_ಬ್ಯಾಡಗಿ:

ನಮಸ್ಕಾರ. ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಲೆಕ್ಕ ಅನ್ನುವುದು ಹೆಸರಿಗೆ. ಚೀಲದ ಸುತಳಿ ಕತ್ತರಿಸುವುದು, ಪಾರ್ಸೆಲ್ ಬಿಚ್ಚುವುದು, ಮಧ್ಯಾಹ್ನ ಎಲ್ಲರಿಗೂ ಹಣ್ಣು ಹೆಚ್ಚುವುದು, ಎಲ್ಲಾ ನನ್ನ ತಲೆಗೇ. ಹಾಗಾಗಿ ಕಿಸೆಯಲ್ಲಿ ಯಾವಾಗಲೂ ಒಂದು ಚಾಕು ಇರುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಭಾವ ಒಪಿನೆಲ್ 8 ನಂಬರಿನ ಚಾಕು ಕೊಟ್ಟರು. ಫ್ರಾನ್ಸಿನದು. ಬೀಚ್ ಅನ್ನುವ ಮರದ ಹಿಡಿ, ಕಾರ್ಬನ್ ಸ್ಟೀಲಿನ ಅಲಗು, ಅಲಗು ಅಲುಗದಂತೆ ಬಿಗಿಯಲು ಕುತ್ತಿಗೆಗೆ ತಿರುಗಿಸುವ ಉಂಗುರ. ಕಿಸೆಯಲ್ಲಿದೆ ಅನ್ನುವುದೇ ನೆನಪಿರುವುದಿಲ್ಲ, ಅಷ್ಟು ಹಗುರ. ಒಮ್ಮೆ ಪ್ಯಾಂಟಿನ ಜೊತೆ ಬಕೆಟ್‌ನಲ್ಲಿ ನೆನೆದೂ ಬಂತು. ಆ ದಿನ ಹೆಂಡತಿ ಹೇಳಿದ ಮಾತು ಇಲ್ಲಿ ಬೇಡ.

ಈಗ ಮೂರು ತಕರಾರು ಇವೆ. ಮಳೆ ಶುರುವಾದರೆ ಅಲಗು ಹಿಡಿಯೊಳಗೆ ಕಚ್ಚಿಕೊಂಡು ಕೂರುತ್ತದೆ, ಉಗುರು ಕಿತ್ತು ಬಂದರೂ ಅದು ಬರುವುದಿಲ್ಲ. ಎರಡನೆಯದು, ಹೋದ ತಿಂಗಳು ಸಾಣೆ ಹಿಡಿಯುವವನೊಬ್ಬನಿಗೆ ಕೊಟ್ಟಿದ್ದೆ. ಮಷೀನ್ ಚಕ್ರಕ್ಕೆ ಹಿಡಿದ, ಕಿಡಿ ಹಾರಿದವು, ತುದಿ ನೀಲಿ ಬಣ್ಣಕ್ಕೆ ತಿರುಗಿತು. ಈಗ ಆ ತುದಿಯ ಹರಿತ ಎರಡು ದಿನವೂ ನಿಲ್ಲುವುದಿಲ್ಲ. ಮೂರನೆಯದು ತಕರಾರಲ್ಲ, ಆಸೆ. ತಂಗಿಯ ಮಗುವಿಗೆ ಕಲಘಟಗಿಯಲ್ಲಿ ತೊಟ್ಟಿಲು ಮಾಡಿಸಿದಾಗ ಒಂದು ಸಾಗವಾನಿ ತುಂಡು ಉಳಿಯಿತು. ಅದರಿಂದಲೇ ಹೊಸ ಹಿಡಿ ಮಾಡಿ, ತೊಟ್ಟಿಲಿನ ಹಾಗೇ ಕೆಂಪು-ಹಳದಿ ಅರಗಿನ ಬಣ್ಣ ಹಾಕಿಸೋಣ ಅಂತ. ಒಂದೇ ಕೈಯಲ್ಲಿ ತೆರೆಯುವಂತೆ ಅಲಗಿಗೆ ಹೆಬ್ಬೆರಳಿನಿಂದ ದೂಡುವ ಒಂದು ಗುಬಟಿನೂ ಕೂರಿಸಬೇಕು ಅಂತಿದೆ. ಮಾಡಿ ನೋಡಿದವರು ಹೇಳಿ.

ಬೆಟಗೇರಿ_ಲೇತ್:

ಮೊದಲು ನೀಲಿ ತುದಿ. ಅಲ್ಲಿ ಉಕ್ಕು ಹೆಚ್ಚು ಕಡಿಮೆ 300 ಡಿಗ್ರಿಗೆ ಕಾದಿದೆ. ಆ ಬಣ್ಣದ ಅರ್ಥವೇ ಅದು. ಹದ ಇಳಿದು ಮೆತ್ತಗಾಗಿದೆ, ಅದಕ್ಕೇ ಹರಿತ ನಿಲ್ಲುತ್ತಿಲ್ಲ. ಮತ್ತೆ ಹದ ಹಾಕಿಸಲು ಹೋಗಬೇಡಿ, ಇಷ್ಟು ತೆಳು ಅಲಗು ಸೊಟ್ಟಗಾಗುತ್ತದೆ. ನೀಲಿ ಆದಷ್ಟು ಭಾಗವನ್ನು ಕೈಗಲ್ಲಿನ ಮೇಲೆ ನೀರು ಹಾಕುತ್ತಾ ಸವೆಸಿ ತೆಗೆಯಿರಿ. ಎರಡು ಮೂರು ಮಿಲಿಮೀಟರ್ ಹೋಗಬಹುದು, ಹೋಗಲಿ. ತುದಿ ಸ್ವಲ್ಪ ಮೊಂಡಾದರೆ ಕಿಸೆಗೂ ಒಳ್ಳೆಯದೇ.

ಆಮೇಲೆ 400 ನಂಬರಿನ ಒರಟು ಕಲ್ಲು, ಅದಾದ ಮೇಲೆ 1000ದ ನಯವಾದದ್ದು. ಎರಡೂ ಬದಿಗೆ 15ರಿಂದ 20 ಡಿಗ್ರಿ ಓರೆ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಹಸಿರು ಪಾಲಿಶ್ ತಿಕ್ಕಿ ಅದರ ಮೇಲೆ ಎಳೆಯಿರಿ, ಹರಿತ ಹಿಂದಾಗಿ. ಮುಂದಾಗಿ ಎಳೆದರೆ ಬೆಲ್ಟ್ ಎರಡಾಗುತ್ತದೆ. ನನ್ನದು ಆಗಿದೆ.

ಚಾಕನ್ನು ಇನ್ನು ಯಾರ ಚಕ್ರಕ್ಕೂ ಕೊಡಬೇಡಿ. ಕುಡಗೋಲಿಗೆ ಆ ಚಕ್ರ ಸರಿ, ಇದಕ್ಕಲ್ಲ.

ಕಚೇರಿ_ಟೈಪು:

ಸುಮ್ನೆ ಒಂದು ಡೌಟು. ದಿನಾ ಚಾಕು ಇಟ್ಟುಕೊಂಡು ತಿರುಗಿದರೆ ಪೊಲೀಸರು ಹಿಡಿಯುವುದಿಲ್ಲವಾ ಅಂತ ಯಾರೂ ಕೇಳಲಿಲ್ಲ. ನಾನು ಧಾರವಾಡದಲ್ಲಿ ವಕೀಲರ ಆಫೀಸಿನಲ್ಲಿ ಟೈಪ್ ಮಾಡುವವನು, ಹಾಗಾಗಿ ನಾನೇ ಹೇಳುತ್ತೇನೆ. 1959ರ ಆಯುಧ ಕಾಯ್ದೆ, ಅದರ ಕೆಳಗೆ 2016ರ ನಿಯಮಗಳು. ಅದರಲ್ಲಿ ಚಾಕು ಆಯುಧದ ಪಟ್ಟಿಗೆ ಬರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದಾಗ. ಮನೆಗೆಲಸಕ್ಕೆ, ಹೊಲದ ಕೆಲಸಕ್ಕೆ ಅಂತ ಮಾಡಿದ್ದಕ್ಕೆ ವಿನಾಯಿತಿ ಇದೆ. 8 ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್, ಮೂರೂವರೆ ಇಂಚೂ ಇಲ್ಲ.

ಆದರೆ ಸ್ಪ್ರಿಂಗ್ ಹಾಕಿ ಬಟನ್ ಚಾಕು ಮಾಡುವ ಹುಚ್ಚು ಬೇಡ, ಅದರ ಕಥೆಯೇ ಬೇರೆ. ಗಣಪತಿ ಮೆರವಣಿಗೆ, ಚುನಾವಣೆ ಗದ್ದಲ ಇರುವ ದಿನ ಮನೆಯಲ್ಲೇ ಬಿಟ್ಟು ಹೋಗಿ. ಹುಬ್ಬಳ್ಳಿಯಿಂದ ವಿಮಾನ ಹತ್ತುವುದಾದರೆ ಕೈಚೀಲದಲ್ಲಿ ಬೇಡ, ಲಗೇಜಿಗೆ ಹಾಕಿ.

ಅಗಸಿ_ಚಟ್ನಿ:

ಸುತಳಿ ಅವರೇ, ಒಂದು ಪ್ರಶ್ನೆ. ಬ್ಯಾಡಗಿ ಅಂದಿರಿ. ಕೋಲ್ಡ್ ಸ್ಟೋರೇಜ್ ಒಳಗೆ ಹೋಗಿ ಬರುತ್ತೀರಾ?

ಸುತಳಿ_ಬ್ಯಾಡಗಿ:

ಹೌದಲ್ರಿ, ದಿನಕ್ಕೆ ನಾಲ್ಕೈದು ಸಲ. ಅದಕ್ಕೂ ಇದಕ್ಕೂ ಏನು ಸಂಬಂಧ?

ಅಗಸಿ_ಚಟ್ನಿ:

ಇರುವುದೇ ಅಲ್ಲಿ. ತಣ್ಣಗಾದ ಅಲಗು ಹೊರಗಿನ ಹಸಿ ಗಾಳಿಗೆ ಬಂದ ಕೂಡಲೇ ಬೆವರುತ್ತದೆ, ಫ್ರಿಜ್‌ನಿಂದ ತೆಗೆದ ಚೊಂಬಿನ ಹಾಗೆ. ಆ ನೀರು ಗಾಡಿಯೊಳಗೆ ಇಳಿಯುತ್ತದೆ. ಗಾಡಿ ಅಂದರೆ ಅಲಗು ಮಲಗುವ ಸೀಳು, ನಾನು ಹಾಗೇ ಕರೆಯುವುದು. ಬೀಚ್ ಮರ ನೀರು ಕುಡಿದು ಊದಿಕೊಳ್ಳುತ್ತದೆ. ಮಳೆಯನ್ನೊಂದೇ ಬೈಯಬೇಡಿ.

ಸದ್ಯಕ್ಕೆ ಸಿಕ್ಕಿಕೊಂಡರೆ ಉಗುರು ಹಾಕಬೇಡಿ. ಉಂಗುರದ ಸೀಳು ಅಲಗಿನ ನೇರಕ್ಕೆ ಬರುವಂತೆ ತಿರುಗಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಕುಟ್ಟಿ. ಅಲಗು ತಾನೇ ತುಸು ತಲೆ ಎತ್ತುತ್ತದೆ. ಇದು ಒಪಿನೆಲ್ ಹುಟ್ಟಿದ ಸವೋಯ್ ಸೀಮೆಯವರದೇ ಉಪಾಯ.

ಇನ್ನು ಔಷಧ. ಉಂಗುರವನ್ನು ಸರ್ಕ್ಲಿಪ್ ಇಕ್ಕಳದಿಂದ, ಅಂದರೆ ಒತ್ತಿದರೆ ಬಾಯಿ ಅಗಲಿಸುವ ಇಕ್ಕಳದಿಂದ, ಅಗಲಿಸಿ ಬಿಚ್ಚಿ. ನೆಗೆದು ಮೂಲೆ ಸೇರುವ ಜಾತಿ ಅದು, ಮೇಲೊಂದು ಬಟ್ಟೆ ಮುಚ್ಚಿಕೊಳ್ಳಿ. ಚಾಕು ತೆರೆದು ಎರಡು ವಾರ ನೆರಳಿನಲ್ಲಿ ಒಣಗಲಿ. ಬಿಸಿಲಿಗಿಟ್ಟರೆ ಮರ ಸೀಳುತ್ತದೆ. ಹಳೆಯ ಲಗ್ನಪತ್ರಿಕೆ ಇರುತ್ತದಲ್ಲ, ಆ ದಪ್ಪ ಕಾಗದಕ್ಕೆ ಮರಳು ಕಾಗದ ಸುತ್ತಿ ಗಾಡಿಯ ಎರಡೂ ಗೋಡೆ ತಿಕ್ಕಿ. ತಿಕ್ಕುವಾಗ ಅಲಗಿಗೆ ಟೇಪ್ ಸುತ್ತಿರಿ, ಬೆರಳು ಮುಖ್ಯ.

ಆಮೇಲೆ ಎಣ್ಣೆ. ಇಲ್ಲೇ ಎಲ್ಲರೂ ತಪ್ಪು ಮಾಡುವುದು. ಮನೆಯಲ್ಲಿ ಕೈಗೆ ಸಿಗುವುದು ಶೇಂಗಾ ಎಣ್ಣೆ, ಅದನ್ನೇ ಬಳಿಯುತ್ತಾರೆ. ಶೇಂಗಾ ಎಣ್ಣೆ ಒಣಗುವುದೇ ಇಲ್ಲ. ಜಿಗಿ ಜಿಗಿ ಅಂತ ಉಳಿದು, ಕಮಟು ವಾಸನೆ ಹಿಡಿದು, ನಿಮ್ಮ ಅಂಗಡಿಯ ಖಾರದ ಧೂಳನ್ನೆಲ್ಲ ಎಳೆದುಕೊಳ್ಳುತ್ತದೆ. ಅಗಸಿ ಎಣ್ಣೆಯ ಗುಣ ಬೇರೆ. ಅದು ಗಾಳಿ ಕುಡಿದು ಗಟ್ಟಿಯಾಗುತ್ತದೆ, ಮರದೊಳಗೇ ಪದರ ಕಟ್ಟುತ್ತದೆ. ಗಾಣದಲ್ಲಿ ಸಿಗುವ ಹಸಿ ಅಗಸಿ ಎಣ್ಣೆಯೇ ಸಾಕು. ತೆಳುವಾಗಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಮೇಲುಳಿದದ್ದನ್ನೆಲ್ಲ ಒರೆಸಿ, ಕೈಗೆ ಅಂಟದಷ್ಟು ಒಣಗುವವರೆಗೆ ಕಾಯಿರಿ. ನಾಲ್ಕೈದು ದಿನವೂ ಹಿಡಿಯಬಹುದು. ಹೀಗೆ ಮೂರು ಸಲ. ಅವಸರಕ್ಕೆ ಒಂದೇ ಸಲ ದಪ್ಪಗೆ ಬಳಿದರೆ ಚರ್ಮ ಕಟ್ಟಿ ಸುಕ್ಕಾಗುತ್ತದೆ. ಕೊನೆಗೆ ಅಲಗಿನ ಮೊಳೆ ಇರುವ ಸಂದಿಗೆ ಜೇನುಮೇಣ ಕರಗಿಸಿ ಬಿಡಿ. ನೀರು ಮೊದಲು ನುಗ್ಗುವ ದಾರಿ ಅದು.

ಒಂದು ಮಾತು ಮರೆಯಬೇಡಿ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ಒಣಗುವಾಗ ಕಾವು ಏರಿ ತಾನಾಗಿ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ, ಹೊರಗೆ ಹರವಿ ಒಣಗಿಸಿ. ಗೋಣಿಚೀಲ ತುಂಬಿದ ಅಂಗಡಿ ನಿಮ್ಮದು, ಅದಕ್ಕೇ ಹೇಳಿದೆ.

ಬೆಟಗೇರಿ_ಲೇತ್:

ಎಣ್ಣೆ ವಿಷಯ ನೂರಕ್ಕೆ ನೂರು ಸರಿ. ಹಿಡಿ ಬದಲಿಸುವುದಕ್ಕೆ ಮಾತ್ರ ನನ್ನ ತಕರಾರಿದೆ. ಮೊಳೆಯ ತಲೆ ಅರದಿಂದ ತಿಕ್ಕಿ ಹೊರಗೆ ಹೊಡೆಯಬೇಕು, ಕುತ್ತಿಗೆಯ ಲೋಹದ ಕವಚ ಬಿಚ್ಚಬೇಕು, ಹೊಸ ಮರವನ್ನು ಅದೇ ಕವಚಕ್ಕೆ ಕೂದಲೆಳೆ ಲೆಕ್ಕದಲ್ಲಿ ಕೂರಿಸಬೇಕು. ಸಾಗವಾನಿ ಕಡಿಮೆ ಊದುತ್ತದೆ, ನಿಜ. ಆದರೆ ಗಾಡಿ ಒಂದು ಎಳೆ ಓರೆಯಾದರೂ ಅಲಗು ಮರಕ್ಕೆ ತಾಗಿ ಹರಿತ ಹೋಗುತ್ತದೆ. ನಾನು ಒಂದು ಜಾಲಿ ಹಿಡಿ ಮಾಡಿದೆ. ಎರಡು ಸೀಳಿ ಹೋದವು, ಮೂರನೆಯದು ನಿಂತಿತು.

ಗುಬಟಿ ಬೇಡವೇ ಬೇಡ. ಹೇಗೂ ಉಂಗುರ ತಿರುಗಿಸಲು ಇನ್ನೊಂದು ಕೈ ಬೇಕು. 1955ರಲ್ಲಿ ಅವರು ಆ ಉಂಗುರ ಸೇರಿಸಿದ್ದೇ ಅಲಗು ಬೆರಳ ಮೇಲೆ ಮಡಚಿಕೊಳ್ಳಬಾರದು ಅಂತ. ಅದನ್ನು ಬಿಟ್ಟು ಒಂದೇ ಕೈಯಲ್ಲಿ ತೆರೆದು ಕೆಲಸ ಮಾಡಿದರೆ ಹೊಲಿಗೆ ಹಾಕಿಸಿಕೊಳ್ಳಬೇಕಾಗುತ್ತದೆ.

ತೊಟ್ಟಿಲಿನ ಬಣ್ಣ ಬೇಕೇ ಬೇಕು ಅಂದರೆ ಹಳೆ ಹಿಡಿಯ ಹಿಂತುದಿಗೆ ಒಂದು ಇಂಚು ಹಾಕಿಸಿ. ಎಣ್ಣೆ ಹಚ್ಚುವ ಮೊದಲೇ. ಅರಗನ್ನು ಗಾಡಿಯೊಳಗೆ ಮಾತ್ರ ಬಿಡಬೇಡಿ, ನೀರು ನಿಂತರೆ ಅರಗು ಬೆಳ್ಳಗಾಗುತ್ತದೆ.

ಸುತಳಿ_ಬ್ಯಾಡಗಿ:

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡಿ. ಹಿಡಿ ಹಳೆಯದೇ ಇದೆ. ಹಿಂತುದಿಗೆ ಕೆಂಪು, ಅದರ ಮೇಲೆ ಹಳದಿ ಗೆರೆ. ಅಲ್ಲೇ ಒಂದು ತೂತು ಕೊರೆದು ಹತ್ತಿಯ ಲಾಡಿ ಕಟ್ಟಿದೆ. ನಮ್ಮ ಅಜ್ಜ ಉಡದಾರಕ್ಕೆ ಮುಳ್ಳು ಕೀಳುವ ಚಿಮಟ ಕಟ್ಟಿಕೊಳ್ಳುತ್ತಿದ್ದರು, ನಾನು ಬೆಲ್ಟಿನ ಕುಣಿಕೆಗೆ ಕಟ್ಟಿಕೊಂಡಿದ್ದೇನೆ. ಇನ್ನು ಬಕೆಟ್‌ಗೆ ಹೋಗುವುದಿಲ್ಲ.

ನೀಲಿ ತೆಗೆಯಲು ಮೂರು ಸಂಜೆ ಹಿಡಿಯಿತು. ಅಗಸಿ ಎಣ್ಣೆ ಮೂರು ಸಲ ಆಯಿತು. ಮನೆ ತುಂಬ ಚಟ್ನಿ ವಾಸನೆ. ಹೋದ ವಾರ ಜಿಟಿಜಿಟಿ ಮಳೆಯಲ್ಲೂ ಅಲಗು ಸಲೀಸಾಗಿ ಬಂತು. ಕೋಲ್ಡ್ ಸ್ಟೋರೇಜಿನಿಂದ ಬಂದ ಕೂಡಲೇ ಒರೆಸಿ, ತೆರೆದೇ ಮೇಜಿನ ಮೇಲಿಡುತ್ತೇನೆ.

ಒಂದು ಕೊನೆಯ ಡೌಟು. ಅಲಗು ಅಲ್ಲಲ್ಲಿ ಕಪ್ಪಾಗಿದೆ. ಮಾವಿನಹಣ್ಣು ಹೆಚ್ಚಿದ್ದಕ್ಕಾ? ತಿಕ್ಕಿ ತೆಗೆಯಲಾ?

ಅಗಸಿ_ಚಟ್ನಿ:

ಮುಟ್ಟಬೇಡಿ! ಹುಳಿ ತಾಗಿ ಬಂದ ಕಪ್ಪು ಅದು, ಕೆಂಪು ತುಕ್ಕು ಬರದಂತೆ ಸ್ವಲ್ಪ ತಡೆಯುತ್ತದೆ. ಕೆಂಪು ಕಂಡರೆ ಮಾತ್ರ ತಿಕ್ಕಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಪೂರ್ತಿ ಒಂದೇ ಬಣ್ಣ ಬೇಕಾದರೆ ಬಿಸಿ ವಿನಿಗರ್‌ನಲ್ಲಿ ಅಲಗನ್ನಷ್ಟೇ ಅರ್ಧ ಗಂಟೆ ಇಳಿಬಿಟ್ಟು ತೊಳೆಯಿರಿ. ನನಗಂತೂ ಮಾವಿನಹಣ್ಣಿನ ಕಲೆಯೇ ಚಂದ. ನನ್ನದರ ಮೇಲೆ ಧಾರವಾಡದ ಆಪೂಸಿನ ಮೂರು ಬೇಸಿಗೆ ಇವೆ.

ಸುತಳಿ_ಬ್ಯಾಡಗಿ:

ಹಾಗಾದರೆ ಬಿಟ್ಟೆ. ನಿನ್ನೆ ಅಂಗಡಿಯ ಹುಡುಗ ಇದೇ ಚಾಕಿನಿಂದ ಮೆಣಸಿನಕಾಯಿ ಚೀಲ ಬಿಚ್ಚಿ ಒರೆಸದೆ ಇಟ್ಟಿದ್ದ. ನಾನು ನೋಡದೆ ಪೇರಲಹಣ್ಣು ಹೆಚ್ಚಿ ಸಾಹುಕಾರರ ಮುಂದಿಟ್ಟೆ. ಬೇರೆ ಉಪ್ಪು-ಖಾರ ಬೇಕಾಗಲಿಲ್ಲ ಅಂದರು.