ಸೀಡರ್ ರಾಪಿಡ್ಸ್‌ನಲ್ಲಿ ಮನೆ ನೋಡ್ತಿರೋರಿಗೆ

ಎರಡು ಮಕ್ಕಳನ್ನು ಕಟ್ಟಿಕೊಂಡು ಅಮೆರಿಕದ ಅಯೋವಾ ರಾಜ್ಯದ ಈ ಊರಿಗೆ ಬರಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಬನ್ನಿ. ಊರು ಸಪ್ಪೆ ಅಂತ ಡಲ್ಲಾಸ್‌ನವರು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. 1.37 ಲಕ್ಷ ಜನ, ನಮ್ಮೋರಲ್ಲಿ ಹಲವರು ವಿಮಾನದ ಉಪಕರಣ ಮಾಡೋ ಕಾಲಿನ್ಸ್ ಏರೋಸ್ಪೇಸ್ ಕಂಪನಿಯ ಕೆಲಸ ಹಿಡಿದು ಬಂದವರು. ಹೊರಗಿನವರು ಇಲ್ಲಿ ಹೊಸಬರೇನಲ್ಲ. ಸಿರಿಯಾ, ಲೆಬನಾನ್‌ ಕಡೆಯಿಂದ ಬಂದವರು 1934ರಲ್ಲೇ ಮಸೀದಿ ಕಟ್ಟಿಕೊಂಡ ಊರು ಇದು.

ಡೌನ್‌ಟೌನ್‌ಗೆ ಬಂದರೆ ಮೊದಲು ಮೂಗಿಗೆ ಬಡಿಯೋದು ಓಟ್ಸ್ ಹುರಿದ ವಾಸನೆ. ನದಿ ಪಕ್ಕದ ಕ್ವೇಕರ್ ಓಟ್ಸ್ ಗಿರಣಿಯದು. ಒಂದೊಂದು ದಿನ ಹಣ್ಣಿನ ಸಿಹಿ ಘಮ ಬರುತ್ತೆ, ಅಲ್ಲಿ ಮಾಡೋ ಸಿಹಿ ಸಿರಿಯಲ್‌ನ ಹೆಸರಲ್ಲಿ ಅದಕ್ಕೆ ಇಲ್ಲಿಯವರು 'ಕ್ರಂಚ್ ಬೆರ್ರಿ ದಿನ' ಅಂತಾರೆ. ಮೈಸೂರಲ್ಲಿ ರಜೆ ಮುಗಿಸಿ ಬಂದ ನನ್ನ ಮಗಳು ಕಾರಿನ ಗಾಜು ಇಳಿಸಿ 'ಹಾಂ, ಊರು ಬಂತು' ಅಂದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯ್ತು.

ಇನ್ನು ಮನೆ. ಜೆಕ್ ವಲಸಿಗರ ಕೇರಿಯ ಹಳೇ ಮರದ ಮನೆಗಳು ಮುದ್ದಾಗಿವೆ. ಮನಸೋಲೋ ಮುಂಚೆ '2008ರಲ್ಲಿ ನೀರು ಎಲ್ಲಿವರೆಗೆ ಬಂದಿತ್ತು?' ಅಂತ ಕೇಳಿ. 1851, 1929ರ ದೊಡ್ಡ ನೆರೆಗಳಲ್ಲೂ ಸೀಡರ್ ನದಿ 20 ಅಡಿಗೆ ನಿಂತಿತ್ತು. 2008ರ ಜೂನ್ 13ರಂದು 31 ಅಡಿ ದಾಟಿತು. ಆಗ ನದಿ ನಡುಗಡ್ಡೆಯಲ್ಲಿದ್ದ ಸಿಟಿ ಹಾಲ್‌ಗೇ ನೀರು! ನಗರದವರು ಕೊಂಡು ಕೆಡವಿದ ಮನೆಗಳ ಜಾಗದಲ್ಲಿ ಈಗ ಬರೀ ಹುಲ್ಲು. ಜೆಕ್ ಮ್ಯೂಸಿಯಂ ಕಟ್ಟಡವನ್ನು ಮಾತ್ರ 2011ರಲ್ಲಿ ಇಡಿಯಾಗಿ ಎಬ್ಬಿಸಿ, ಆಚೆಗೆ ಸಾಗಿಸಿ, ಎತ್ತರದಲ್ಲಿ ಕೂರಿಸಿದರು.

ದಿಬ್ಬದ ಮೇಲೆ ತಗೊಂಡರೂ ಬೇಸ್‌ಮೆಂಟಿನ ಸಂಪ್ ಪಂಪ್ ಓಡಿಸಿ ನೋಡಿ. ಬೆಂಗಳೂರಲ್ಲಿ ಸಂಪ್ ಅಂದರೆ ನೀರು ತುಂಬಿಸೋಕೆ, ಇಲ್ಲಿ ಎತ್ತಿ ಹೊರಗೆ ಹಾಕೋಕೆ. ನೆಲದಿಂದ ಮನೆಯೊಳಗೆ ನುಸುಳೋ ವಿಕಿರಣಶೀಲ ಅನಿಲ ರೇಡಾನ್‌ನ ಪರೀಕ್ಷೆ ಬಿಡಲೇಬೇಡಿ, ಇಡೀ ಅಯೋವಾಕ್ಕೇ ಅದರ ಕಾಟ.

ಬೀದಿಗಳು ಬೋಳಾಗಿವೆ ಅನ್ನಿಸಿದರೆ ಅದು 2020ರ ಆಗಸ್ಟ್ 10ರ ಡೆರೇಚೋ ಬಿರುಗಾಳಿಯ ಕೆಲಸ. ಊರಿನ ಅರ್ಧಕ್ಕಿಂತ ಹೆಚ್ಚು ಮರದ ನೆರಳು ಒಂದೇ ಮಧ್ಯಾಹ್ನದಲ್ಲಿ ಹೋಯ್ತು. ನಮ್ಮ ಮೇಪಲ್ ಡ್ರೈವ್‌ವೇಗೆ ಅಡ್ಡ ಬಿದ್ದಿತ್ತು. ಒಂಬತ್ತು ದಿನ ಕರೆಂಟಿಲ್ಲ. ಅಲ್ಲಿವರೆಗೆ ಕೈ ಬೀಸಿದ್ದು ಬಿಟ್ಟರೆ ಮಾತೇ ಆಡದ ಎದುರು ಮನೆ ಅಜ್ಜ ಗರಗಸದ ಯಂತ್ರ ಹಿಡಿದು ಬಂದರು, ಕೇಳದೇ ಕೊಯ್ಯತೊಡಗಿದರು. ಫ್ರಿಜ್ ಸತ್ತು ಹಿಟ್ಟು ಡಬ್ಬಿಯಿಂದ ಉಕ್ಕುತ್ತಿತ್ತು. ಹಿತ್ತಲ ಗ್ಯಾಸ್ ಗ್ರಿಲ್ ಮೇಲೆ ಕಾವಲಿ ಇಟ್ಟು ದೋಸೆ ಹುಯ್ದೆ. ಅಜ್ಜ ಮೊದಲನೆಯದಕ್ಕೆ ಮೇಪಲ್ ಸಿರಪ್ ಸುರಿದುಕೊಂಡರು. ಎರಡನೆಯದಕ್ಕೆ ಮಗಳೇ ಚಟ್ನಿಪುಡಿ ಹಾಕಿಕೊಟ್ಟಳು.